ಶರಣಬಸಪ್ಪನ ನಾಲ್ಕನೇ ಸೇರ್ಪಡೆ

ಶರಣಬಸಪ್ಪ ಪಕ್ಷ ಬಿಟ್ಟಿದ್ದು ಮೂರು ಸಲ, ಸೇರಿದ್ದು ನಾಲ್ಕು ಸಲ. ನಾಲ್ಕು ಸಲವೂ ಅವನು ವೇದಿಕೆಯ ಮೇಲೆ ನಿಂತು ಓದಿದ ಕನ್ನಡ ಭಾಷಣ ಬರೆದುಕೊಟ್ಟವನು ನಾನು. ಮರಾಠಿಯದನ್ನು ಪಾರ್ಟಿಯವರೇ ಬರೆದುಕೊಡುತ್ತಾರೆ. ನಮ್ಮ ಜನಕ್ಕೆ ಕಣ್ಣಲ್ಲಿ ನೀರು ಬರಿಸುವ ಭಾಗ ನನ್ನದು. ಮೊದಲೆರಡು ಸಲ ಅದು ನನಗೆ ಹೆಮ್ಮೆಯ ಕೆಲಸವಾಗಿತ್ತು. ಮೂರನೇ ಸಲ ಅಭ್ಯಾಸಬಲದಿಂದ ಬರೆದೆ. ನಾಲ್ಕನೆಯದರ ವಿಷಯವನ್ನು ಯಾರಿಗಾದರೂ ಹೇಳದೆ ಇರಲು ಆಗುತ್ತಿಲ್ಲ.

ನಾನು ಸತ್ಯಮೂರ್ತಿ, ನಂಜನಗೂಡಿನ ಕಡೆಯವನು. ಘಾಟ್ಕೋಪರಿನ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಮೇಷ್ಟರಾಗಿದ್ದೆ. ಮಕ್ಕಳಿಲ್ಲವೆಂದು ಆ ಶಾಲೆಯನ್ನು ಮುಚ್ಚಿದ್ದೂ ಆಯಿತು, ನಾನು ನಿವೃತ್ತನಾದದ್ದೂ ಆಯಿತು. ಶಾಲೆಯ ಹಿಂದಿನ ಗುಡ್ಡದ ಮೇಲೆ ಬಿಜಾಪುರ ಚಾಳ. ಬಿಜಾಪುರ, ಕಲಬುರಗಿ ಕಡೆಯಿಂದ ಕಲ್ಲು ಹೊರಲು, ಕಾಂಕ್ರೀಟು ಕಲಸಲು ಬಂದವರು ತಗಡು ಹೊದಿಸಿ ಕಟ್ಟಿಕೊಂಡ ಖೋಲಿಗಳು. ಅವರ ಮಕ್ಕಳಿಗೆ ನಾನು ಅ ಆ ಇ ಈ ಕಲಿಸಿದೆ, ಅವರಿಗೆ ಅರ್ಜಿ ಬರೆದುಕೊಟ್ಟೆ. ಹೀಗಾಗಿ ನಾನು ಇಡೀ ಗುಡ್ಡಕ್ಕೆ ‘ಮಾಸ್ತರ್’. ಆ ಮರ್ಯಾದೆ ನನ್ನ ತಲೆಗೇರಿತ್ತು ಎಂದು ಈಗ ಅನ್ನಿಸುತ್ತದೆ.

ಶರಣಬಸಪ್ಪ ನನ್ನ ಶಿಷ್ಯನೇ. ಅವನ ಅಪ್ಪ ಬೆಳಿಗ್ಗೆ ನಾಕಾದಲ್ಲಿ ನಿಂತು ಅಂದಂದಿನ ಕೂಲಿ ಹುಡುಕುವವನು. ಹುಡುಗನಿಗೆ ಲೆಕ್ಕ ಬರುತ್ತಿರಲಿಲ್ಲ, ಆದರೆ ಕೊನೆಯ ಬೆಂಚಿನಲ್ಲಿ ಕೂತು ಪಿಸುಗುಟ್ಟಿದರೂ ಹೆಡ್‌ಮಾಸ್ತರರ ಕೋಣೆಗೆ ಕೇಳಿಸುತ್ತಿತ್ತು. ಆ ಗಂಟಲನ್ನು ಕಂಡೇ ಹಣತೆ ಗುರುತಿನ ಪಾರ್ಟಿಯವರು ಅವನನ್ನು ಕರೆದುಕೊಂಡರು. ಹನ್ನೆರಡು ವರ್ಷ ಅವರ ಸಭೆಗಳಿಗೆ ಕುರ್ಚಿ ಹಾಕಿದ, ಘೋಷಣೆ ಕೂಗಿದ. ಟಿಕೆಟ್ ಕೊಡದಿದ್ದಾಗ ಗಂಟೆ ಪಾರ್ಟಿಗೆ ಹೋದ, ಎರಡು ಸಲ ಪಾಲಿಕೆಗೆ ನಗರಸೇವಕನಾಗಿ ಆರಿಸಿ ಬಂದ. ಗುಡ್ಡಕ್ಕೆ ನೂರ ಹನ್ನೆರಡು ಮೆಟ್ಟಿಲು ಕಟ್ಟಿಸಿದವನು ಅವನು. ನಲ್ಲಿ ತಂದವನು ಅವನು. ಹೆಣ್ಣುಮಕ್ಕಳಿಗೆ ಬಾಗಿಲಿರುವ ಸಂಡಾಸು ಕಟ್ಟಿಸಿದವನೂ ಅವನೇ. ಬೈಯುವಾಗಲೂ ಇದನ್ನು ಬಿಟ್ಟು ಬೈದರೆ ನನ್ನ ಬಾಯಿ ಹೊಲಸಾಗುತ್ತದೆ.

ಇನ್ನು ಟ್ರಂಕಿನ ವಿಷಯ. ಮುಂಬಯಿ ಮುಳುಗಿದ ಆ ದೊಡ್ಡ ಮಳೆಯ ವರ್ಷ ಗುಡ್ಡದ ನೀರು ಖೋಲಿಗಳ ಒಳಗೆ ನುಗ್ಗಿ, ಎಷ್ಟೋ ಜನರ ರೇಷನ್ ಕಾರ್ಡು, ಲೈಟ್ ಬಿಲ್ಲು, ಸರ್ಕಾರ ಗುಡಿಸಲು ಎಣಿಸಿದಾಗ ಕೊಟ್ಟ ಫೋಟೋಪಾಸು ಎಲ್ಲ ಮುದ್ದೆಯಾಗಿ ಹೋದವು. ಅದರ ಮೇಲೆ ಇವರು ಬೇಸಿಗೆಯಲ್ಲಿ ಖೋಲಿಗೆ ಬೀಗ ಹಾಕಿ ಎರಡು ತಿಂಗಳು ಊರಿಗೆ ಹೋಗುವವರು. ಆದ್ದರಿಂದ ಉಳಿದ ಕಾಗದಗಳನ್ನು ‘ನಮ್ಮವನ’ ಹತ್ತಿರ ಇಡುವುದು ವಾಡಿಕೆಯಾಯಿತು. ಗುಡ್ಡದ ಬುಡದಲ್ಲಿದ್ದ ಗಂಟೆ ಪಾರ್ಟಿಯ ಕಚೇರಿಗೆ ಶರಣಬಸಪ್ಪ ಒಂದು ಕಬ್ಬಿಣದ ಟ್ರಂಕು ತಂದ. ಒಂದೊಂದು ಮನೆಯ ಕಾಗದವನ್ನೂ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಹೆಸರು ಬರೆದು ಜೋಡಿಸಿದವನು ನಾನು. ಝೆರಾಕ್ಸ್ ಮನೆಯಲ್ಲಿರಲಿ, ಅಸಲು ಟ್ರಂಕಿನಲ್ಲಿರಲಿ ಎಂದು ಮನೆಮನೆಗೆ ಹೋಗಿ ಹೇಳಿದವನೂ ನಾನೇ. ನಲವತ್ತೊಂದು ಮನೆಯವರು ತಂದುಕೊಟ್ಟರು. ರಾಚವ್ವ ಎಂಬವಳೊಬ್ಬಳು ಮಾತ್ರ ಕೊಡಲಿಲ್ಲ, ಅಕ್ಕಿ ಡಬ್ಬಿಯಲ್ಲಿ ತನ್ನ ಕಾಗದ ಹೂತಿಟ್ಟುಕೊಂಡಳು. ನಾನು ಅವಳಿಗೆ ಎಲ್ಲರೆದುರಿಗೆ ‘ನಿನಗೆ ಬುದ್ಧಿ ಇಲ್ಲ’ ಎಂದು ಬೈದಿದ್ದೆ.

ಆ ನಲವತ್ತೊಂದರಲ್ಲಿ ಒಂದು ಚೀಲ ಸುಂದ್ರವ್ವನದು. ಅವಳ ಗಂಡ ಸಾಯಬಣ್ಣ ಗೋರೆಗಾಂವಿನ ಒಂದು ಬಿಲ್ಡಿಂಗಿಗೆ ಕಟ್ಟಿದ ಬಿದಿರಿನ ಪರಂಚಿಯಿಂದ ಬಿದ್ದು ಸತ್ತ. ಮಗಳೂ ತೀರಿಕೊಂಡಳು. ಉಳಿದವರು ಸುಂದ್ರವ್ವ ಮತ್ತು ಮೊಮ್ಮಗಳು ಶೀತಲ್. ಸುಂದ್ರವ್ವ ಹೌಸಿಂಗ್ ಸೊಸೈಟಿಗಳ ಮೆಟ್ಟಿಲು ಒರೆಸುತ್ತಿದ್ದಳು. ಶೀತಲ್ ಸ್ಟೇಷನ್ನಿನ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಆ ಹತ್ತು ಅಡಿ ಖೋಲಿ ಬಿಟ್ಟರೆ ಅವರಿಗೆ ಈ ಭೂಮಿಯ ಮೇಲೆ ಬೇರೇನೂ ಇರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿರುವಾಗ ಶರಣಬಸಪ್ಪನ ಫೋನು ಬಂತು. ಯಾವುದೋ ದೊಡ್ಡ ಹೋಟೆಲಿನಿಂದ ಮಾತಾಡುತ್ತಿದ್ದ.

“ಮಾಸ್ತರ್, ಒಂದ ತಾಸಿನ್ಯಾಗ ಭಾಷಣ ಬೇಕ್ರಿ. ವಾಟ್ಸಾಪ್ ಮಾಡ್ರಿ. ಇವತ್ತ ದೋಣಿ ಪಾರ್ಟಿ ಸೇರಾಕತ್ತೀನಿ.”

“ಯಾಕಪ್ಪಾ, ಗಂಟೆ ಪಾರ್ಟಿ ಏನು ಮಾಡ್ತು ನಿನಗೆ?”

“ಏನ ಮಾಡ್ಲಿರಿ? ಕಾರ್ಪೊರೇಷನ್ ಅವಧಿ ಮುಗದು ಎರಡ ವರ್ಷ ಆತು. ಇಲೆಕ್ಷನ್ ಇಲ್ಲ, ಫಂಡ್ ಇಲ್ಲ. ಗುಡ್ಡದ ಮ್ಯಾಲ ಬಿಲ್ಡರ್ ಕಣ್ಣ ಬಿದ್ದೈತಿ. ಸರಕಾರ ದೋಣಿಯವರದು, ಬಿಲ್ಡರ್ ಅವರ ಮಾತ ಅಷ್ಟ ಕೇಳತಾನ. ನಮ್ಮ ಮಂದಿಗೆ ಮನಿ ಕೊಡಸಬೇಕಂದ್ರ ನಾ ಅಲ್ಲೇ ಇರಬೇಕ್ರಿ.”

“ಶಾಂತಪ್ಪನಿಗೆ ಹೇಳಿದ್ಯಾ?”

“ಅವ ಎಲ್ಲಿ ಹೋಗ್ತಾನ್ರಿ? ನನ್ನ ಹಿಂದ ಬರ್ತಾನ.”

ಶಾಂತಪ್ಪ ಅವನ ಬಲಗೈ. ಮೂವತ್ತು ವರ್ಷ ಅವನ ಸ್ಕೂಟರಿನ ಹಿಂದೆ ಕೂತವನು. ಆದರೆ ನನಗೆ ಆಗ ಶಾಂತಪ್ಪನೂ ನೆನಪಾಗಿ ಉಳಿಯಲಿಲ್ಲ, ಟ್ರಂಕೂ ನೆನಪಾಗಲಿಲ್ಲ. ಒಂದು ಗಂಟೆಯಲ್ಲಿ ಭಾಷಣ ಮುಗಿಸಬೇಕು ಎಂಬುದೊಂದೇ ತಲೆಯಲ್ಲಿತ್ತು. ‘ಇಷ್ಟು ದಿನ ಅಂಗಳದಲ್ಲಿದ್ದೆ, ಇಂದು ಮನೆಯೊಳಗೆ ಬಂದಿದ್ದೇನೆ’ ಎಂದು ಬರೆದೆ. ಗಂಟೆ ಪಾರ್ಟಿ ಸೇರಿದಾಗಲೂ ಹೆಚ್ಚುಕಡಿಮೆ ಇದನ್ನೇ ಬರೆದಿದ್ದೆ, ಯಾರಿಗೂ ನೆನಪಿರಲಿಲ್ಲ. ನನ್ನ ಹೆಂಡತಿ ಸುಮಿತ್ರಾ ಹೆಗಲ ಮೇಲಿಂದ ಬಗ್ಗಿ ಓದಿ, “ಇನ್ನೆಷ್ಟು ಮನೆ ಇದೆಯಂತೆ ರೀ ಇವನಿಗೆ?” ಎಂದು ಮೂಗು ಮುರಿದು ಒಳಗೆ ಹೋದಳು.

ಶಾಂತಪ್ಪ ಅದನ್ನು ಟಿವಿಯಲ್ಲಿ ನೋಡಿ ತಿಳಿದುಕೊಂಡ. ಮಧ್ಯಾಹ್ನದೊಳಗೆ ಗಂಟೆ ಪಾರ್ಟಿಯ ಕಚೇರಿಗೆ ಹೊಸ ಬೀಗ ಬಿತ್ತು. ಶರಣಬಸಪ್ಪನ ಫೋಟೋ ಇದ್ದ ಬೋರ್ಡು ರಸ್ತೆಗೆ ಬಿತ್ತು. ಪಾರ್ಟಿಯವರು ಶಾಂತಪ್ಪನನ್ನೇ ಅಲ್ಲಿಯ ಪ್ರಮುಖನನ್ನಾಗಿ ಮಾಡಿದರು.

ಏಳು ತಿಂಗಳ ನಂತರ ಚಾಳದ ನಲ್ಲಿಯ ಪಕ್ಕದ ಗೋಡೆಗೆ ನೋಟೀಸು ಅಂಟಿತು. ಗುಡ್ಡದ ಖೋಲಿಗಳನ್ನು ಕೆಡವಿ ಬಿಲ್ಡಿಂಗು ಕಟ್ಟುತ್ತಾರೆ, ಎರಡು ಸಾವಿರದ ಇಸವಿಗಿಂತ ಮೊದಲಿನಿಂದ ಇಲ್ಲಿದ್ದೇವೆಂದು ಅಸಲು ಕಾಗದ ತೋರಿಸಿದವರು ‘ಪಾತ್ರ’, ಅವರಿಗೆ ಪುಕ್ಕಟೆ ಫ್ಲ್ಯಾಟು, ತೋರಿಸದವರು ‘ಅಪಾತ್ರ’. ವಿಚಾರಣೆಗೆ ಹದಿನಾಲ್ಕು ದಿನ ಇತ್ತು.

ಮಾರನೆಯ ದಿನವೇ ಸುಂದ್ರವ್ವ ನಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಬರದೆ ಬಾಗಿಲಲ್ಲೇ ನಿಂತು, “ಮಾಸ್ತರ್, ನನ್ನ ಚೀಲ ತಕ್ಕೊಡ್ರಿ. ಫೋಟೋಪಾಸ್ ಅದರಾಗ ಐತಿ” ಎಂದಳು. ಆ ಏಳು ತಿಂಗಳಲ್ಲಿ ಟ್ರಂಕು ನನಗೆ ನೆನಪಾದದ್ದು ಅದೇ ಮೊದಲು.

ಇಬ್ಬರೂ ಶಾಂತಪ್ಪನ ಹತ್ತಿರ ಹೋದೆವು. ಟ್ರಂಕು ಅವನ ಕುರ್ಚಿಯ ಹಿಂದೆಯೇ ಇತ್ತು. ಅದರ ಮೇಲೆ ಪಾರ್ಟಿಯ ಬಾವುಟ ಹೊದಿಸಿ, ಅದರ ಮೇಲೆ ಕುಡಿಯುವ ನೀರಿನ ಕ್ಯಾನ್ ಇಟ್ಟಿದ್ದರು.

“ಕೀಲಿ ನನ್ನ ಕಡೆನ ಐತ್ರಿ ಮಾಸ್ತರ್” ಎಂದ ಶಾಂತಪ್ಪ. “ಕೊಡಬಾರ್ದಂತ ಇಲ್ಲ. ಅವ ಬರ್ಲಿ. ಬಂದು ಈ ಹೊಸ್ತಿಲ ದಾಟಿ, ‘ಶಾಂತಾ, ಟ್ರಂಕ್ ಕೊಡು’ ಅನ್ಲಿ.”

“ಅವನ ಮೇಲಿನ ಸಿಟ್ಟನ್ನ ಇವರ ಮೇಲೆ ಯಾಕಪ್ಪಾ ತೀರಿಸ್ಕೊಳ್ತೀಯಾ?”

“ಸಿಟ್ಟ ಅಲ್ರಿ ಇದು.” ಅವನು ತಲೆ ಬಗ್ಗಿಸಿ ಕೂದಲು ಸರಿಸಿ ತೋರಿಸಿದ. “ಮೋರ್ಚಾದಾಗ ಅವನ ಮ್ಯಾಲ ಬರೂ ಲಾಠಿ ನಾ ಹಿಡದೀನಿ. ಒಂಬತ್ತ ಹೊಲಿಗಿ. ಹೋಗೂ ಮುಂದ ಒಂದ ಫೋನ್ ಮಾಡ್ಲಿಲ್ರಿ ನನಗ. ನನ್ನ ಹೇಣ್ತಿ ಟಿವಿ ಹಚ್ಚಿ, ನೋಡ್ರಿ ನಿಮ್ಮ ಸಾಹೇಬ್ರು ಅಂತ ತೋರಸಿದ್ಲು.”

ಸುಂದ್ರವ್ವ ಕೈಮುಗಿದಳು. “ಶಾಂತಾ, ನನ್ನದೊಂದ ಚೀಲ ತಕ್ಕೊಡೊ ಯಪ್ಪಾ.”

“ಚಿಗವ್ವಾ, ನಿಂದ ಕೊಟ್ರ ನಾಳೆ ನಲವತ್ತ ಮಂದಿ ಬರ್ತಾರ. ಎಲ್ಲಾ ಖಾಲಿ ಆದ ಮ್ಯಾಲ ಅವ ಯಾಕ ಬರ್ತಾನ? ಮ್ಯಾಲಿನವರೂ ಹೇಳ್ಯಾರ, ಟ್ರಂಕ್ ಅವನ ಕೈಯಾಗ ಕೊಡಬೇಕು, ಫೋಟೋ ಆಗಬೇಕು ಅಂತ. ನಾ ತಗದ್ರ ನನ್ನ ಕುರ್ಚಿನೂ ಹೋಗತೈತಿ.”

ಪೊಲೀಸರ ಹತ್ತಿರ ಹೋದೆ. ಪಾರ್ಟಿ ಪಾರ್ಟಿ ಜಗಳದಲ್ಲಿ ತಾವು ಬರುವುದಿಲ್ಲ ಎಂದರು. ಹಳೆಯ ದಾಖಲೆಯ ನಕಲು ಸಿಗುತ್ತದೇನೋ ಎಂದು ಸರ್ಕಾರಿ ಕಚೇರಿಗಳನ್ನು ಸುತ್ತಿದೆ. ಮೂರು ತಿಂಗಳಾದರೂ ಬೇಕು ಎಂದರು. ನಮ್ಮ ಹತ್ತಿರ ಹತ್ತು ದಿನ ಉಳಿದಿತ್ತು.

ಹಾಗಾಗಿ ಶರಣಬಸಪ್ಪನ ಹೊಸ ಕಚೇರಿಗೆ ಹೋದೆವು. ಅದು ಹಳೆಯದರಿಂದ ದೂರವೇನಿಲ್ಲ. ರಸ್ತೆ ದಾಟಿ ನೂರು ಹೆಜ್ಜೆ. ಗಾಜಿನ ಬಾಗಿಲು, ಎ.ಸಿ. ಸುಂದ್ರವ್ವ ಚಪ್ಪಲಿ ಹೊರಗೆ ಬಿಟ್ಟು ಬಂದು ನೆಲದ ಮೇಲೆ ಕೂರಲು ಹೋದಾಗ ಅವನೇ ಎದ್ದು ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಅಷ್ಟು ಒಳ್ಳೆಯತನ ಅವನಲ್ಲಿ ಇತ್ತು, ಈಗಲೂ ಇದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

“ನಾ ಅಲ್ಲಿ ಕಾಲಿಟ್ರ ಸಂಜೀಕ ಎಲ್ಲಾರ ಮೊಬೈಲ್ನ್ಯಾಗ ವಿಡಿಯೋ ಬರತೈತ್ರಿ ಮಾಸ್ತರ್. ಶರಣಬಸಪ್ಪ ತಿರಗಿ ಗಂಟೆಗೆ ಹೋದಾ ಅಂತಾರ. ಇಲ್ಲಿ ನನ್ನ ಟಿಕೆಟ್ ಹರದ ಒಗೀತಾರ. ನಾ ಲೆಟರ್‌ಹೆಡ್ ಮ್ಯಾಲ ಬರದ ಕೊಡ್ತೀನಿ, ಈ ನಲವತ್ತೊಂದು ಮಂದಿ ಮೂವತ್ತ ವರ್ಷದಿಂದ ಇಲ್ಲೇ ಅದಾರ ಅಂತ. ಆಫೀಸರ್ ನನ್ನ ಗುರ್ತಿನವರ ಅದಾರ.”

“ಅಸಲು ಕಾಗದ ಬೇಕು ಅಂತ ನೋಟೀಸಿನಲ್ಲೇ ಬರೆದಿದೆಯಲ್ಲಪ್ಪಾ” ಎಂದೆ.

“ನಾ ಫೋನ್ ಮಾಡ್ತೀನ್ರಿ.”

ಸುಂದ್ರವ್ವ ನಡುವೆ ಬಾಯಿ ಹಾಕಿದಳು. ಸಿಟ್ಟಿನಿಂದಲ್ಲ, ಮಗನಿಗೆ ಹೇಳುವ ಹಾಗೆ. “ಶರಣಾ, ಟಿಕೆಟ್ ಹೋದ್ರ ಮತ್ತೊಂದ ಪಾರ್ಟಿ ಸಿಗತೈತಿ ನಿನಗ. ಖೋಲಿ ಹೋದ್ರ ಮತ್ತೊಂದ ಖೋಲಿ ಸಿಗೂದಿಲ್ಲ ನನಗ. ಒಂದ ಸಲ ಹೋಗಿ ಬಾ.”

ಅವನು ಮೇಜಿನ ಮೇಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಒಮ್ಮೆಲೇ ಎದ್ದು, “ನಡೀರಿ” ಎಂದ.

ಆ ಕ್ಷಣದ ಖುಷಿ ನಾನು ಮರೆತಿಲ್ಲ. ನನ್ನ ಶಿಷ್ಯ ಎಂದು ಎದೆ ಉಬ್ಬಿತು. ಮೂವರೂ ರಸ್ತೆಗಿಳಿದೆವು. ಅವನು ಬರುತ್ತಿರುವುದನ್ನು ಯಾರೋ ನೋಡಿ ಓಡಿಹೋಗಿ ಹೇಳಿರಬೇಕು. ಹಳೆಯ ಕಚೇರಿಯ ಬಾಗಿಲಿಗೆ ಹತ್ತು ಹದಿನೈದು ಜನ ಬಂದು ನಿಂತರು. ಎಲ್ಲರ ಕೈಯಲ್ಲಿ ಮೊಬೈಲು ಮೇಲೆದ್ದಿತ್ತು. ಅವರ ನಡುವೆ ಶಾಂತಪ್ಪ. ಅವನ ಮುಖದಲ್ಲಿ ಗೆದ್ದ ಭಾವ ಇರಲಿಲ್ಲ. ಮುನಿಸಿಕೊಂಡು ಹೋದ ಅಣ್ಣ ಮನೆಗೆ ಬಂದರೆ ತಮ್ಮ ನಿಲ್ಲುವ ಹಾಗೆ, ಅಂಗಿಯ ತೋಳು ಸರಿಮಾಡಿಕೊಳ್ಳುತ್ತ ನಿಂತಿದ್ದ.

ಇನ್ನು ಇಪ್ಪತ್ತು ಹೆಜ್ಜೆ ಇರುವಾಗ ಶರಣಬಸಪ್ಪನ ಫೋನು ರಿಂಗಾಯಿತು. ಅವನು ನಿಂತ. ಮರಾಠಿಯಲ್ಲಿ, “ಇಲ್ಲ ಸಾಹೇಬ್, ಹಾಗೇನಿಲ್ಲ ಸಾಹೇಬ್, ಚಹಾ ಕುಡಿಯಲು ಬಂದಿದ್ದೆ” ಎಂದ. ಹಾಗೆಂದವನು ಅದನ್ನು ನಿಜ ಮಾಡಲಿಕ್ಕೋ ಏನೋ, ಅಲ್ಲೇ ಇದ್ದ ಚಹಾದ ಟಪರಿಯ ಕಡೆ ತಿರುಗಿ ಮೂರು ಕಟಿಂಗ್ ಚಹಾ ಹೇಳಿದ. ಒಂದನ್ನು ತಾನೇ ತಂದು ಸುಂದ್ರವ್ವನ ಕೈಗೆ ಕೊಟ್ಟ. ನಿಂತುಕೊಂಡೇ ತನ್ನದನ್ನು ಕುಡಿದು, ಬಂದ ದಾರಿಯಲ್ಲಿ ಹೊರಟುಹೋದ. ನಮ್ಮ ಕಡೆ ನೋಡಲಿಲ್ಲ. ಸುಂದ್ರವ್ವ ಚಹಾ ಹಿಡಿದು ರಸ್ತೆಯ ನಡುವೆಯೇ ನಿಂತಿದ್ದಳು. ರಿಕ್ಷಾದವನೊಬ್ಬ ಹಾರ್ನ್ ಹಾಕಿ ಬೈದ ಮೇಲೆ ನಾನೇ ಅವಳನ್ನು ಪಕ್ಕಕ್ಕೆ ಕರೆತಂದೆ.

ಶಾಂತಪ್ಪನ ಕಡೆ ನೋಡಿದೆ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಮರುದಿನ ಒಬ್ಬನೇ ಹೋಗಿ ಅವನ ಕಾಲು ಹಿಡಿಯುವುದೊಂದು ಬಾಕಿ ಇತ್ತು, ಅದನ್ನೂ ಮಾಡಿದೆ. “ಇಪ್ಪತ್ತ ಹೆಜ್ಜಿ ಇತ್ರಿ ಮಾಸ್ತರ್. ನನ್ನ ಮುಂದ ನಿಂತು ಚಹಾ ಕುಡದ ಹೋದಾ” ಎಂದ. ಕೀಲಿ ಕೊಡಲಿಲ್ಲ.

ವಿಚಾರಣೆಯ ದಿನ ನಲವತ್ತೊಂದು ಮನೆಯವರನ್ನೂ ಕರೆದುಕೊಂಡು ಹೋದೆ. ಅಧಿಕಾರಿ ಸಭ್ಯರು, ಕೂರಿಸಿ ಮಾತಾಡಿಸಿದರು. ಶರಣಬಸಪ್ಪನ ಪತ್ರ ಓದಿದರು, ಸಹಿ ನೋಡಿದರು, ಪಕ್ಕದ ಟ್ರೇಯಲ್ಲಿಟ್ಟು “ಓರಿಜಿನಲ್?” ಎಂದು ಕೇಳಿದರು. ನಾನು ಝೆರಾಕ್ಸ್ ಮುಂದಿಟ್ಟೆ. “ಓರಿಜಿನಲ್?” ಎಂದು ಮತ್ತೆ ಕೇಳಿದರು. ಅಸಲು ಒಂದು ಪಾರ್ಟಿಯ ಕಚೇರಿಯಲ್ಲಿ ನೀರಿನ ಕ್ಯಾನಿನ ಕೆಳಗಿದೆ ಎಂದು ಹೇಗೆ ಹೇಳಲಿ? ಹೇಳಿದೆ. ಅವರು ಪಾಪ, ನಕ್ಕುಬಿಟ್ಟರು. ನಲವತ್ತೊಂದು ಮನೆಯೂ ‘ಅಪಾತ್ರ’. ರಾಚವ್ವ ತನ್ನ ಕಾಗದ ತಂದಿದ್ದಳು. ಮೂಲೆಯಲ್ಲಿ ನುಸಿ ತಿಂದ ಗುರುತಿತ್ತು, ಬಿಚ್ಚುವಾಗ ಎರಡು ಅಕ್ಕಿಕಾಳು ಮೇಜಿನ ಮೇಲೆ ಉದುರಿದವು. ಒಂದೇ ನಿಮಿಷದಲ್ಲಿ ಅವಳು ‘ಪಾತ್ರ’ಳಾದಳು. ಬುದ್ಧಿ ಇಲ್ಲವೆಂದು ನಾನು ಬೈದವಳಿಗೆ ಮನೆ ಸಿಕ್ಕಿತು, ನನ್ನ ಮಾತು ಕೇಳಿದ ನಲವತ್ತೊಂದು ಮನೆ ಬೀದಿಗೆ ಬಿತ್ತು.

ಮೇಲ್ಮನವಿಗೆ ಒಂದು ತಿಂಗಳು ಗಡುವಿತ್ತು. ಅದಕ್ಕೂ ಅಸಲೇ ಬೇಕಿತ್ತು. ಗಡುವು ಮುಗಿಯಿತು. ಮೇ ತಿಂಗಳಲ್ಲಿ ಜೆಸಿಬಿ ಗುಡ್ಡ ಹತ್ತಿತು. ಸುಂದ್ರವ್ವ ಪಾತ್ರೆ ಪಗಡಿ ಹೊರಗಿಟ್ಟ ಮೇಲೆ ಒಳಗೆ ಹೋಗಿ ಖೋಲಿಯನ್ನು ಒಮ್ಮೆ ಕಸ ಗುಡಿಸಿ ಬಂದಳು. ಶೀತಲ್ “ಅಜ್ಜಿ, ಕ್ಯಾ ಕರ್ ರಹೀ ಹೈ? ಅವ್ರು ಒಡೀತಾರಲ್ಲ” ಎಂದು ಅತ್ತಳು. ಅಜ್ಜಿ ಮೊಮ್ಮಗಳು ದೂರದ ದಿವಾದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದರು. ಶೀತಲ್ ಅಲ್ಲಿಂದ ಲೋಕಲ್ಲಿನಲ್ಲಿ ಬಾಗಿಲಿಗೆ ಜೋತುಕೊಂಡು ಅಂಗಡಿಗೆ ಬಂದು ಹೋಗತೊಡಗಿದಳು. ಸುಂದ್ರವ್ವನ ಮೆಟ್ಟಿಲೊರೆಸುವ ಕೆಲಸಗಳು ಒಂದೊಂದಾಗಿ ಹೋದವು. ಬೆಳಗಿನ ಗಾಡಿಯಲ್ಲಿ ಅವಳ ವಯಸ್ಸಿಗೆ ಹತ್ತಲಾಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಕಡೆಗೂ ಪಾಲಿಕೆಯ ಚುನಾವಣೆ ಬಂತು. ದೋಣಿ ಪಾರ್ಟಿಯವರು ನಮ್ಮ ವಾರ್ಡನ್ನು ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟರು. ಯಾವ ಟಿಕೆಟ್ಟಿಗಾಗಿ ಶರಣಬಸಪ್ಪ ಇಪ್ಪತ್ತು ಹೆಜ್ಜೆ ನಡೆಯದೆ ಹೋದನೋ ಆ ಟಿಕೆಟ್ಟು ಅವನಿಗೆ ಸಿಗಲೇ ಇಲ್ಲ. ಸುದ್ದಿ ಕೇಳಿ ನಾನು ನಕ್ಕೆ. ಆ ನಗು ನನಗೇ ಅಸಹ್ಯವಾಯಿತು.

ಎರಡು ದಿನ ಬಿಟ್ಟು ಮಧ್ಯಾಹ್ನ ಅವನೇ ನಮ್ಮ ಮನೆಗೆ ಬಂದ. ಸೊರಗಿದ್ದ. ನಮ್ಮ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದ್ದು ಇಲ್ಲ. ಅಂದು ಸುಮಿತ್ರಾ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

“ಗಂಟೆಯವರು ಕರ್ದಾರ್ರಿ ಮಾಸ್ತರ್. ಶಾಂತಪ್ಪ ಫೋನ್ ಮಾಡಿದ್ದ. ಇಬ್ಬರೂ ಅತ್ತಿವ್ರಿ” ಎಂದ. “ನಾಡದು ಪ್ರವೇಶ. ವೇದಿಕಿ ಮ್ಯಾಲ ಟ್ರಂಕ್ ತಗಸೂದು. ಒಬ್ಬೊಬ್ಬರನ್ನ ಕರದು ಅವರವರ ಚೀಲ ಅವರಿಗೆ ಕೊಡೂದು. ಅದಕ್ಕ ತಕ್ಕಂಗ ಬರದ ಕೊಡ್ರಿ.”

“ಇನ್ನು ಆ ಕಾಗದ ಇಟ್ಕೊಂಡು ಏನಪ್ಪಾ ಮಾಡ್ತಾರೆ ಅವರು?”

“ಆರಿಸಿ ಬಂದ್ರ ಮತ್ತ ಹೋರಾಟ ಮಾಡೂಣ್ರಿ. ಕೋರ್ಟಿಗೆ ಹೋಗೂಣು.” ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಹೇಳುವಾಗ ಅವನು ಎಲ್ಲವನ್ನೂ ನಂಬಿಯೇ ಹೇಳುತ್ತಾನೆ. ಅವನ ಭಾಷಣ ಜನಕ್ಕೆ ತಟ್ಟುವುದು ಅದರಿಂದಲೇ. “ಸುಂದ್ರ ಚಿಗವ್ವನ ಕರಸ್ರಿ ಮಾಸ್ತರ್. ಮೊದಲ ಚೀಲ ಆಕಿಗೇ ಕೊಡಬೇಕು.”

ಅವನು ಹೋದ ಮೇಲೆ ಸುಮಿತ್ರಾ ಬಂದು, “ಬರೀಬೇಡಿ” ಎಂದಳು. ಅಷ್ಟೇ ಅಂದದ್ದು. ನಾನು ಬರೆದೆ. ಯಾಕೆ ಬರೆದೆ? ಕೋರ್ಟು ಎಂದನಲ್ಲ, ಏನಾದರೂ ಆದರೆ ನನ್ನ ತಪ್ಪು ಸ್ವಲ್ಪ ಹಗುರಾಗುತ್ತದೆಂಬ ಆಸೆಗೆ ಬರೆದೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ: ಶಾಲೆ ಮುಚ್ಚಿದ ಮೇಲೆ ನನ್ನ ಅಕ್ಷರ ಕೇಳಿಕೊಂಡು ಮನೆಗೆ ಬರುವವನು ಅವನೊಬ್ಬನೇ ಉಳಿದಿದ್ದ.

ಶೀತಲಳಿಗೆ ಫೋನ್ ಮಾಡಿದೆ. “ಅಜ್ಜಿಯನ್ನ ಕರ್ಕೊಂಡು ಬಾಮ್ಮ, ಕಾಗದ ಕೊಡ್ತಾರೆ” ಎಂದೆ.

“ಅಭೀ? ಅಬ್ ಕ್ಯಾ ಫಾಯ್ದಾ ಸರ್? ಖೋಲಿ ಹೋಯ್ತಲ್ಲ.”

“ಒಳ್ಳೇದಾಗುತ್ತೆ, ಕರ್ಕೊಂಡು ಬಾ” ಎಂದೆ. ಅವಳು ನನ್ನ ಮಾತನ್ನು ಅಜ್ಜಿಗೆ ಹಾಗೆಯೇ ಹೇಳಿದಳು.

ಸಭೆ ಗುಡ್ಡದ ಬುಡದಲ್ಲಿ, ಹಳೆಯ ಕಚೇರಿಯ ಮುಂದೆಯೇ ನಡೆಯಿತು. ಹಿಂದೆ ಬಿಲ್ಡರನ ನೀಲಿ ತಗಡಿನ ಬೇಲಿ, ಅದರಾಚೆ ಕ್ರೇನು. ಗಂಟೆ ಪಾರ್ಟಿಯ ಕಚೇರಿಯ ಹೊಸ್ತಿಲನ್ನು ಶರಣಬಸಪ್ಪ ಬಗ್ಗಿ ಮುಟ್ಟಿ ನಮಸ್ಕರಿಸಿ ದಾಟಿದ. ಶಾಂತಪ್ಪ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ಅವರ ಅಳುವಿನಲ್ಲಿ ಸುಳ್ಳಿರಲಿಲ್ಲ. ಟ್ರಂಕಿಗೆ ಚೆಂಡುಹೂವಿನ ಹಾರ ಹಾಕಿ ನಾಲ್ಕು ಜನ ಹೊತ್ತು ವೇದಿಕೆಗೆ ತಂದರು. ಹಲಗಿ ಬಡಿಯುತ್ತಿದ್ದರು.

ಶರಣಬಸಪ್ಪ ಓದಿದ: ‘ನಾನು ದಾರಿ ತಪ್ಪಿದಾಗಲೂ ಈ ಪಕ್ಷ ನನ್ನ ಜನರ ಬದುಕನ್ನು ಎದೆಯಲ್ಲಿಟ್ಟು ಕಾಯಿತು. ಒಂದು ಹಾಳೆ ಕೂಡ ನೆನೆಯಲಿಲ್ಲ, ಒಂದು ಹೆಸರು ಕೂಡ ಅಳಿಸಲಿಲ್ಲ.’ ಜನ ಶಿಳ್ಳೆ ಹಾಕಿದರು. ಖೋಲಿ ಕಳೆದುಕೊಂಡು ಕಲ್ಯಾಣ, ಮುಂಬ್ರಾ, ದಿವಾ ಎಂದು ಚದುರಿಹೋದವರಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಬಂದಿದ್ದರು. ಅವರೂ ಚಪ್ಪಾಳೆ ತಟ್ಟಿದರು. ಅವರ ಹೆಸರು ಇನ್ನೂ ಈ ವಾರ್ಡಿನ ಮತದಾರರ ಯಾದಿಯಲ್ಲೇ ಇತ್ತು.

ಸುಂದ್ರವ್ವನನ್ನು ಕರೆದರು. ಹಬ್ಬದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ವೇದಿಕೆ ಹತ್ತಲು ಶಾಂತಪ್ಪನೇ ಕೈಕೊಟ್ಟ. ಶರಣಬಸಪ್ಪ ಚೀಲವನ್ನು ಅವಳ ಕೈಗಿಟ್ಟು, ಅವಳ ಕಾಲು ಮುಟ್ಟಿದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಕ್ಯಾಮೆರಾಗಳು ಮಿಂಚಿದವು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಅವಳನ್ನು ಇಳಿಸಿ ಮುಂದಿನ ಹೆಸರು ಕೂಗಿದ್ದರು.

ವೇದಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವಳನ್ನು ಕೂರಿಸಿದೆ. ಶೀತಲ್ ನೀರು ತರಲು ಹೋದಳು. ಸುಂದ್ರವ್ವ ಚೀಲ ಬಿಚ್ಚಿ ಫೋಟೋಪಾಸು ತೆಗೆದಳು. ಅದರಲ್ಲಿ ಸಾಯಬಣ್ಣ ಮತ್ತು ಅವಳು ನಂಬರು ಬರೆದ ಸ್ಲೇಟು ಹಿಡಿದು ನಿಂತಿದ್ದರು. ಇಬ್ಬರೂ ಎಳೆಯರು, ಇಬ್ಬರೂ ಗಾಬರಿಯಾಗಿದ್ದರು. ಮುದ್ರೆ, ಸಹಿ, ಇಸವಿ, ಒಂದೂ ಮಾಸಿರಲಿಲ್ಲ. ಆ ಅಧಿಕಾರಿಗೆ ಇದು ಒಂದು ನಿಮಿಷದ ಕೆಲಸವಾಗಿತ್ತು.

“ಎಲ್ಲಾ ಹಂಗ ಐತ್ರಿ ಮಾಸ್ತರ್” ಎಂದು ಸುಂದ್ರವ್ವ ನಕ್ಕಳು. ಅವಳು ನಕ್ಕಿದ್ದನ್ನು ನಾನು ಒಂದು ವರ್ಷದಿಂದ ನೋಡಿರಲಿಲ್ಲ. “ಯಾವ ಮಾಳಿಗಿ ಮ್ಯಾಲ ಕೊಡ್ತಾರಂತ್ರಿ ನಂದು? ಲಿಫ್ಟ್ ಇದ್ರ ಯಾವುದ ಆದ್ರೂ ನಡೀತೈತಿ. ಮೊಣಕಾಲ ನೋಯ್ತಾವು. ಶೀತಲ್‌ಗೆ ಸ್ಟೇಷನ್ ಸಮೀಪ ಆಗತೈತಿ.”

ನಾನು ಅವಳ ಪಕ್ಕದಲ್ಲಿ ಕೂತೆ. ಹೇಳದೆ ಬೇರೆ ದಾರಿ ಇರಲಿಲ್ಲ. “ಸುಂದ್ರವ್ವಾ, ಯಾದಿ ಮುಗಿದುಹೋಗಿದೆ. ಹನ್ನೊಂದು ತಿಂಗಳಾಯ್ತು. ಇದನ್ನ ತೋರಿಸಿದರೆ ಈಗ ಯಾರೂ ಮನೆ ಕೊಡೋದಿಲ್ಲ. ಇವತ್ತು ಕೊಟ್ಟಿದ್ದು ಕಾಗದ ಮಾತ್ರ.”

ಅವಳು ಫೋಟೋಪಾಸನ್ನು ನೋಡುತ್ತಲೇ ಇದ್ದಳು. ವೇದಿಕೆಯ ಮೇಲೆ ಇನ್ನೊಂದು ಹೆಸರು ಕೂಗಿದರು, ಹಲಗಿ ಬಾರಿಸಿದರು. ಆ ಸದ್ದು ನಿಲ್ಲುವವರೆಗೆ ಕಾದು ಅವಳು ಕೇಳಿದಳು:

“ಹಂಗಾರ ನನ್ನ ಯಾಕ ಕರಸಿದ್ರಿ ಮಾಸ್ತರ್?”

ಉತ್ತರ ನನ್ನ ಅಂಗಿಯ ಜೇಬಿನಲ್ಲಿದ್ದ ಭಾಷಣದ ಝೆರಾಕ್ಸಿನಲ್ಲಿತ್ತು. ಅದರ ಎರಡನೇ ಹಾಳೆಯಲ್ಲಿ, ಶರಣಬಸಪ್ಪನಿಗೆ ತಿಳಿಯಲೆಂದು ನಾನೇ ದುಂಡಗೆ ಬರೆದು ಅಡಿಗೆರೆ ಎಳೆದಿದ್ದೆ: ‘ಇಲ್ಲಿ ಸುಂದ್ರವ್ವ ಬಂದು ಚೀಲ ತೆಗೆದುಕೊಳ್ಳುತ್ತಾಳೆ. ಫೋಟೋ ಆಗುವವರೆಗೆ ನಿಲ್ಲಿಸಿ, ಆಮೇಲೆ ಮುಂದೆ ಓದು.’ ಅದನ್ನು ಅವಳಿಗೆ ಓದಿ ಹೇಳುವ ಧೈರ್ಯ ನನಗಾಗಲಿಲ್ಲ. ಶೀತಲ್ ನೀರು ತಂದಳು. ದಿವಾ ಗಾಡಿಗೆ ಹೊತ್ತಾಯಿತು ಎಂದು ಅಜ್ಜಿಯನ್ನು ಎಬ್ಬಿಸಿಕೊಂಡು ಹೋದಳು.